ಒಲೆಯ ಕೊಳವೆಯಲ್ಲಿ ತೊಟ್ಟಿಲು



ಹಳೇ ಸಾಮಾನು ಬಿಸಾಕಬೇಡಿ, ಹೊಂದಿಸಿ ಬಳಸಿ ಎಂದು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಈ ಸಲ ಆ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕಾಗಿದೆ.

ಸಂಪಿಗೆಯ ನಮ್ಮ ಮನೆ ಹಿತ್ತಲಲ್ಲೊಂದು ಶೆಡ್ಡಿದೆ. ಪಂಪ್‌ಸೆಟ್ಟಿನ ಫುಟ್‌ವಾಲ್ವು, ಹೊಲಿಗೆ ಮೆಷಿನ್ನಿನ ಚಕ್ರ, ತೂತುಬಿದ್ದ ಸ್ಪ್ರೇಯರು, ಎಲ್ಲ ತೆಂಗಿನ ಮಟ್ಟೆ ರಾಶಿಯ ಪಕ್ಕದಲ್ಲೇ. ಸ್ಪ್ಯಾನರ್ ಹಿಡಿದು ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯೋದಿಲ್ಲ. "ಹೆಂಗಸಿಗ್ಯಾಕೆ ಕಬ್ಬಿಣದ ಸಹವಾಸ" ಅಂತಿದ್ದ ಅತ್ತೆಯವರೇ ಈಗ ಮಿಕ್ಸಿ ಕೆಟ್ಟರೆ ನನ್ನನ್ನೇ ಕೂಗುತ್ತಾರೆ.

ಹೋದ ಬೇಸಿಗೆಯಲ್ಲಿ ಎರಡು ಹಳೇ ಗ್ಯಾಸ್ ಸ್ಟೌಗಳ ಭಾಗ ಸೇರಿಸಿ ಒಂದು ಮಾಡಿದೆ. ಹೊರಗೆಲ್ಲ ಉಜ್ಜಿ ಫಳಫಳ ಎನಿಸಿದ್ದೆ. ಮಗಳು ಹಾಲು ಕಾಯಿಸಲು ಹೊತ್ತಿಸಿದಳು. ಉರಿ ಹಳದಿಯಾಗಿ ಎದ್ದು, ಮರುಕ್ಷಣ ಬುಸ್ಸೆಂದು ಬರ್ನರಿನ ಕೆಳಗೆ, ನಾಬಿನ ಬಳಿ ಹೊತ್ತಿಕೊಂಡಿತು. ಓಡಿ ರೆಗ್ಯುಲೇಟರ್ ಆಫ್ ಮಾಡಿದೆ. ಅವಳ ವೇಲಿಗೂ ಉರಿಗೂ ಒಂದೇ ಗೇಣು. ಈಗ ನೆನೆದರೂ ಕೈ ನಡುಗುತ್ತೆ.

ಬಿಚ್ಚಿ ನೋಡಿದರೆ ಬರ್ನರಿನ ಕೊಳವೆಗೆ ಒಣಮಣ್ಣು ಮೆತ್ತಿತ್ತು. ಹೊತ್ತಿಸದೇ ಇದ್ದ ಇನ್ನೊಂದು ಕೊಳವೆಯಲ್ಲೂ ಅದೇ. ಅದನ್ನು ಒಡೆದರೆ ಒಳಗೆ ಸಣ್ಣ ಹಸಿರು ಹುಳುಗಳು ಒತ್ತೊತ್ತಾಗಿ ತುಂಬಿದ್ದವು. ಸತ್ತಂತೆ ಕಂಡರೂ ಮುಟ್ಟಿದರೆ ಮಿಸುಕುತ್ತಿದ್ದವು. ಕಣಜದ ಕೆಲಸ! ತಾಯಿ ಕಣಜ ಹುಳುವನ್ನು ಕೊಲ್ಲುವುದಿಲ್ಲ, ಕುಟುಕಿ ಮರಗಟ್ಟಿಸುತ್ತದೆ. ಮೊಟ್ಟೆಯ ಜೊತೆ ಅವನ್ನು ತುಂಬಿಸಿ, ಮಣ್ಣಿನಿಂದ ಬಾಯಿ ಮುಚ್ಚಿ ಹೋಗುತ್ತದೆ. ಹುಟ್ಟುವ ಮರಿಗೆ ಕೆಡದ ಊಟ. (ಧಾನ್ಯ ತುಂಬುವ ಕಣಜಕ್ಕೂ ಇದೇ ಹೆಸರು ನೋಡಿ!) ಮಣ್ಣುಂಡೆ ಹೊತ್ತು ಅದು ಶೆಡ್ಡಿನಲ್ಲಿ ಓಡಾಡುವುದನ್ನು ನಾನೇ ದಿನಾ ಕಂಡಿದ್ದೆ. ಎಲ್ಲಿಗೆ ಹೋಗುತ್ತದೆಂದು ಮಾತ್ರ ನೋಡಿರಲಿಲ್ಲ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ವಿಮಾನವೊಂದು ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ವೇಗ ತಿಳಿಸುವ ಕೊಳವೆ ಕಟ್ಟಿಕೊಂಡಿತ್ತು. ಕಟ್ಟಿದ್ದು ಇಂಥ ಕಣಜವೇ ಇರಬೇಕೆಂಬ ಶಂಕೆ.

ಜೆಟ್ಟಿನಿಂದ ಚಿಮ್ಮುವ ಗ್ಯಾಸು ಪಕ್ಕದ ಕಂಡಿಯಿಂದ ಗಾಳಿ ಎಳೆದುಕೊಂಡು ಕೊಳವೆಯೊಳಗೆ ಹೋಗಬೇಕು. ದಾರಿ ಕಟ್ಟಿದರೆ ಗ್ಯಾಸು ಅದೇ ಕಂಡಿಯಿಂದ ಹಿಂದಕ್ಕೆ ಬರುತ್ತದೆ. ಜೇಡನ ಬಲೆ ಸಾಕು, ಇಷ್ಟಕ್ಕೆ. ಆದ್ದರಿಂದ ಬಹಳ ದಿನ ಮೂಲೆಯಲ್ಲಿದ್ದ ಸ್ಟೌ ಹಚ್ಚುವ ಮುನ್ನ ಸಿಲಿಂಡರಿನಿಂದ ಬಿಡಿಸಿ, ಬರ್ನರ್ ಎತ್ತಿ, ಕೊಳವೆಯಲ್ಲಿ ತೆಂಗಿನ ಗರಿಯ ಕಡ್ಡಿ ಆಡಿಸಿ. ಜೆಟ್ಟಿನ ತೂತಿಗೆ ಮಾತ್ರ ತಂತಿ, ಸೂಜಿ ಚುಚ್ಚಬೇಡಿ, ತೂತು ಹಿಗ್ಗುತ್ತದೆ. ಹಳೇ ರಬ್ಬರ್ ಟ್ಯೂಬನ್ನಂತೂ ಮತ್ತೆ ಹಾಕಲೇಬೇಡಿ. ಉರಿ ಹಳದಿಯಾಗಿ, ಪಾತ್ರೆ ತಳ ಕಪ್ಪಾದರೆ ಆರಿಸಿ, ಮೆಕ್ಯಾನಿಕ್ಕನ್ನು ಕರೆಸಿ. ಗ್ಯಾಸಿನ ವಿಷಯದಲ್ಲಿ ನನ್ನ ಕೈಚಳಕಕ್ಕೆ ನಾನೇ ರಜೆ ಕೊಟ್ಟಿದ್ದೇನೆ.

ಕಣಜವನ್ನು ಓಡಿಸಲು ಮನಸ್ಸಾಗಲಿಲ್ಲ. ನಮ್ಮ ಬದನೆ, ಅವರೆ ಗಿಡಗಳ ಹುಳುವನ್ನೇ ಹೆಕ್ಕಿ ತರುವ ಜೀವ. ಶೆಡ್ಡಿನ ಕೊಳವೆಗಳಿಗೆಲ್ಲ ಬಟ್ಟೆ ತುರುಕಿ, ಸೂರಿನಡಿ ಒಂದು ಕಡೆ ಗೆಣ್ಣಿರುವ ಬಿದಿರಿನ ತುಂಡುಗಳನ್ನು ಕಟ್ಟಿದೆ. ನೆನ್ನೆ ನೋಡಿದೆ, ಎರಡರ ಬಾಯಿಗೆ ಆಗಲೇ ಮಣ್ಣು ಬಿದ್ದಿದೆ.