ಹಳೆಯ ವರದಿಯೇ ಕಣ್ಣಿಗೆ ಕಾವಲು

ಅಂಗೈಯಲ್ಲಿನ ಇಷ್ಟಲಿಂಗವು ಸ್ಪಷ್ಟವಾಗಿ ಕಾಣುತ್ತಿದೆ ಎಂದಮಾತ್ರಕ್ಕೆ ಕಣ್ಣು ಆರೋಗ್ಯವಾಗಿದೆಯೆಂದು ಭಾವಿಸಲಾಗದು. ಗ್ಲಾಕೋಮಾ ರೋಗವು ಸಾಮಾನ್ಯವಾಗಿ ನಡುಭಾಗದ ನೋಟವನ್ನು ಬಹುಕಾಲ ಉಳಿಸಿ, ಅದರ ಸುತ್ತಲಿನ ನೋಟವನ್ನು ಮೊದಲು ಕಸಿದುಕೊಳ್ಳುತ್ತದೆ. ಅನೇಕರಲ್ಲಿ ನೋವಾಗಲಿ ಕೆಂಪಾಗಲಿ ಇರದ ಕಾರಣ ರೋಗವು ಅರಿವಿಗೇ ಬಾರದು. ಕಣ್ಣಿನಿಂದ ಮೆದುಳಿಗೆ ಸಾಗುವ ದೃಷ್ಟಿನರದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ತಂತುಗಳಿವೆ. ನಾಶವಾದ ತಂತುವನ್ನು ಇಂದಿನ ಯಾವ ಚಿಕಿತ್ಸೆಯೂ ಮರಳಿ ತರಲಾರದು.

ಶಿಬಿರದಲ್ಲಿ ಕಣ್ಣಿನ ಒತ್ತಡವನ್ನು ಅಳೆಸಿಕೊಂಡು, ಅದು 21ಕ್ಕಿಂತ ಕಡಿಮೆಯಿದೆಯೆಂದು ನೆಮ್ಮದಿಯಿಂದ ಮರಳುವವರು ಅನೇಕರು. ಒತ್ತಡವು ಆ ಮಿತಿಯೊಳಗಿದ್ದರೂ ಕೆಲವರಲ್ಲಿ ನರವು ಸವೆಯುತ್ತಲೇ ಹೋಗುತ್ತದೆ. ಆ ಸವೆತವನ್ನು ತಿಳಿಯಲು ಎರಡು ಪರೀಕ್ಷೆಗಳಿವೆ. ಓ.ಸಿ.ಟಿ. ಯಂತ್ರವು ರೆಟಿನಾದ ನರತಂತುಗಳ ಪದರದ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತದೆ. ದೃಷ್ಟಿಕ್ಷೇತ್ರ ಪರೀಕ್ಷೆಯಲ್ಲಿ ರೋಗಿಯು ಒಂದೆಡೆ ದೃಷ್ಟಿ ನೆಟ್ಟು, ಸುತ್ತ ಮಿನುಗುವ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಆರಂಭದ ಹಂತದಲ್ಲಿ ಅನೇಕರಿಗೆ ಬದಲಾವಣೆಯು ಮೊದಲು ಓ.ಸಿ.ಟಿ.ಯಲ್ಲಿ ತೋರುತ್ತದೆ. ರೋಗವು ಬಲಿತ ಮೇಲೆ ಪದರವು ಇನ್ನಷ್ಟು ತೆಳುವಾಗಲು ಉಳಿದಿರುವುದಿಲ್ಲ. ಆಗ ದೃಷ್ಟಿಕ್ಷೇತ್ರ ಪರೀಕ್ಷೆಯೇ ಹೆಚ್ಚು ನೆರವಾಗುತ್ತದೆ. ಆದ್ದರಿಂದ ಒಂದು ಇನ್ನೊಂದಕ್ಕೆ ಬದಲಿಯಾಗದು.

ಒಂದೇ ವರದಿಯಿಂದ ರೋಗದ ನಡೆ ತಿಳಿಯುವುದಿಲ್ಲ. ವಯಸ್ಸಾದಂತೆ ಪದರವು ಸಹಜವಾಗಿಯೂ ತುಸು ತೆಳುವಾಗುತ್ತದೆ. ದಣಿವು, ಅನ್ಯಮನಸ್ಕತೆ, ಮೊದಲ ಸಲದ ಗೊಂದಲಗಳಿಂದ ದೃಷ್ಟಿಕ್ಷೇತ್ರದ ಫಲಿತಾಂಶವು ಏರುಪೇರಾಗುವುದುಂಟು. ಹಲವು ವರದಿಗಳನ್ನು ಸಾಲಾಗಿ ಇಟ್ಟು ನೋಡಿದಾಗಲೇ ಇಳಿಮುಖವು ನಿಜವೋ ತೋರಿಕೆಯೋ ಎಂಬುದು ವೈದ್ಯರಿಗೆ ನಿಶ್ಚಯವಾಗಿ, ಚಿಕಿತ್ಸೆಯನ್ನು ಹೆಚ್ಚಿಸಬೇಕೇ ಎಂಬ ನಿರ್ಧಾರ ಸಾಧ್ಯವಾಗುತ್ತದೆ. ಒಂದು ಕಂಪನಿಯ ಯಂತ್ರದ ಅಳತೆಯನ್ನು ಇನ್ನೊಂದರ ಅಳತೆಯೊಡನೆ ನೇರವಾಗಿ ಹೋಲಿಸಲಾಗದು ಎಂಬುದನ್ನೂ ನೆನಪಿಡಬೇಕು.

ಆದಕಾರಣ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೇ: ಕಣ್ಣಿನ ಯಾವ ವರದಿಯನ್ನೂ ಎಸೆಯದಿರಿ. ಹೊಲಮನೆಯ ಪತ್ರಗಳಂತೆ ಅವುಗಳನ್ನೂ ಜೋಪಾನವಾಗಿಟ್ಟು, ಪ್ರತಿ ಭೇಟಿಯಲ್ಲೂ ಒಯ್ಯಿರಿ. ಸಾಧ್ಯವಾದಷ್ಟು ಒಂದೇ ಕಡೆ ಪರೀಕ್ಷೆ ಮಾಡಿಸಿಕೊಳ್ಳಿರಿ. ತಂದೆತಾಯಿ, ಒಡಹುಟ್ಟಿದವರಲ್ಲಿ ಈ ರೋಗವಿದ್ದವರು ತೊಂದರೆ ಕಾಣಿಸುವವರೆಗೆ ಕಾಯಬಾರದು. ಜಾತ್ರೆಯ ಶಿಬಿರಗಳನ್ನು ಏರ್ಪಡಿಸುವವರೂ ಸಂಶಯವಿದ್ದವರ ಹೆಸರನ್ನು ಬರೆದಿಟ್ಟುಕೊಂಡು, ಅವರು ಮುಂದಿನ ಪರೀಕ್ಷೆಗೆ ಹೋದರೇ ಎಂದು ವಿಚಾರಿಸಬೇಕು. ಶಿಬಿರದ ದಾಸೋಹವು ಪೂರ್ಣವಾಗುವುದು ಆಗಲೇ ಎಂಬುದು ನಮ್ಮ ಅಭಿಮತ.