ಹಕ್ಕಿಯ ಧ್ವನಿ ಕೇಳಿಸೋಣ, ಗೂಡಿನ ವಿಳಾಸ ಬೇಡ

“ಉಸ್ತಾದ್, ಇದ್ರಿಂದ ತಿಂಗಳಿಗೆ ಎಷ್ಟು ಸಿಗ್ತದೆ?”

ಆರ್.ಟಿ. ನಗರದಲ್ಲಿ ನಮ್ಮ ಮದ್ರಸದ ಹತ್ತಿರ ಜ್ಯೂಸ್ ಅಂಗಡಿ ಇಟ್ಟಿರುವ ಊರಿನವರೊಬ್ಬರು ಮೊನ್ನೆ ಕೇಳಿದರು. ಅವರು ಕೇಳಿದ್ದು ನನ್ನ ಪಾಡ್‌ಕಾಸ್ಟ್ ವಿಷಯ. ಹಕ್ಕಿ, ಕೆರೆ, ಮರ, ಹಾವು, ಚಿಟ್ಟೆ ಎಂದು ವಾರಕ್ಕೊಮ್ಮೆ ಏನಾದರೊಂದರ ಬಗ್ಗೆ ಹತ್ತು ನಿಮಿಷ ಮಾತನಾಡಿ, ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ ಬಿಡುತ್ತೇನೆ. ಅರ್ಧ ಕನ್ನಡ, ಅರ್ಧ ಬ್ಯಾರಿ. “ಏನೂ ಸಿಗುವುದಿಲ್ಲ” ಎಂದೆ. “ಹಾಗಾದ್ರೆ ಎಂತಕ್ಕೆ ಮಾರಾಯ್ರೆ?” ಎಂದರು. ಅಷ್ಟರಲ್ಲಿ ಗಿರಾಕಿಗಳು ಬಂದರು, ಮಾತು ಅಲ್ಲಿಗೇ ನಿಂತಿತು. ಆ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಕೊಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಲಿಕ್ಕುಂಟು.

ಪಾಡ್‌ಕಾಸ್ಟ್ ಅಂದರೆ ಹೊಸತೇನೂ ಅಲ್ಲ, ರೇಡಿಯೊ ಭಾಷಣದ ಹಾಗೆಯೇ. ಆದರೆ ಇದಕ್ಕೆ ಇಂಥದ್ದೇ ಹೊತ್ತು ಎಂದಿಲ್ಲ. ಇಂಟರ್‌ನೆಟ್‌ನಲ್ಲಿ ಹಾಕಿಟ್ಟ ಧ್ವನಿಯನ್ನು ಕೇಳುವವರು ತಮಗೆ ಬಿಡುವಾದಾಗ ಕೇಳುತ್ತಾರೆ. ಹೋಟೆಲಿನಲ್ಲಿ ಪರೋಟದ ಹಿಟ್ಟು ಕಲಸುತ್ತಾ ಕೇಳುವ ಹುಡುಗರಿದ್ದಾರೆ. ರಾತ್ರಿ ಗಾಡಿ ಓಡಿಸುತ್ತಾ ಕೇಳುವವರಿದ್ದಾರೆ. ದಮ್ಮಾಮ್‌ನಲ್ಲಿ ಕುಳಿತು ಕೇಳುವ ಒಬ್ಬರು “ಕೋಗಿಲೆ ಕೂಗಿದ್ದು ಕೇಳಿ ಊರು ನೆನಪಾಯ್ತು” ಎಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಎಲ್ಲ ಸೇರಿದರೆ ಅರುವತ್ತು, ಎಪ್ಪತ್ತು ಮಂದಿ. ಅಷ್ಟೆ.

ಇದು ಶುರುವಾದದ್ದು ಮದ್ರಸದಲ್ಲಿ. ಒಂದು ಬೆಳಿಗ್ಗೆ ತರಗತಿ ನಡೆಯುವಾಗ ಹಿಂದಿನ ಖಾಲಿ ಜಾಗದಿಂದ “ಹೂಪ್ ಹೂಪ್ ಹೂಪ್” ಎಂದು ಸದ್ದು ಬಂತು. ಎಂಟು ವರ್ಷದ ಹುಡುಗನೊಬ್ಬ “ಉಸ್ತಾದ್, ಯಾರದ್ದೋ ಮೋಟಾರ್ ಹಾಳಾಗಿದೆ” ಎಂದ. ಬೇರೆ ಮಕ್ಕಳೂ ತಲೆಯಾಡಿಸಿದರು. ಅದು ಕೆಂಬೂತ. ಊರಿನ ತೋಟಗಳಲ್ಲಿ ದಿನಾ ಕೇಳುವ ಕುಪ್ಪುಳು. ನನಗೆ ನಗು ಬಂತು, ಆಮೇಲೆ ಬೇಸರವೂ ಆಯಿತು. ಆ ಮಕ್ಕಳ ಅಜ್ಜಿಯಂದಿರು ಕೂಗು ಕೇಳಿಯೇ ಹತ್ತಾರು ಹಕ್ಕಿಗಳ ಹೆಸರು ಹೇಳಬಲ್ಲವರು. ಮೊಮ್ಮಕ್ಕಳಿಗೆ ಸ್ಕೂಟರ್‌ನ ಸದ್ದಿನಲ್ಲಿ ಕಂಪೆನಿ ಗೊತ್ತಾಗುತ್ತದೆ, ಹಕ್ಕಿ ಗೊತ್ತಾಗುವುದಿಲ್ಲ. ಮರುದಿನ ಆ ಕೂಗನ್ನು ಮೊಬೈಲ್‌ನಲ್ಲಿ ಹಿಡಿದು, ಕೆಂಬೂತ ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂದು ನಾಲ್ಕು ಮಾತು ಸೇರಿಸಿ ಮಕ್ಕಳ ಹೆತ್ತವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅದೇ ಮೊದಲ ಕಂತು.

ನಾನು ವಿಜ್ಞಾನಿ ಅಲ್ಲ. ಪಿಯುಸಿ ಮುಗಿಸಿ ದೀನೀ ಶಿಕ್ಷಣಕ್ಕೆ ಹೋದವನು. ಆದ್ದರಿಂದ ಇಂಥ ಕೆಲಸ ಹಿಂದೆ ಯಾರು ಮಾಡಿದ್ದಾರೆ ಎಂದು ಹುಡುಕಿದೆ. ನಮ್ಮ ರಾಜ್ಯದಲ್ಲಿಯೇ ದೊಡ್ಡ ಉದಾಹರಣೆ ಸಿಕ್ಕಿತು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರ ಯಂತ್ರ ಇಟ್ಟು ರೇಡಿಯೊ ಶುರು ಮಾಡಿದರು. ಯಾರೂ ಅವರಿಗೆ ಆದೇಶ ಕೊಟ್ಟಿರಲಿಲ್ಲ, ಅದು ಆಸಕ್ತಿಯಿಂದ ಹುಟ್ಟಿದ ಕೆಲಸ. ಆ ಮನೆ ರೇಡಿಯೊಗೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯಿತು.

ಹಕ್ಕಿಗಳ ವಿಷಯದಲ್ಲಿ ದಾರಿ ತೋರಿಸಿದವರು ಡಾ. ಸಲೀಂ ಅಲಿ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರ ಮಾವನ ಮನೆಯಲ್ಲಿ ಬೆಳೆದವರು. ಭಾರತದ ಪಕ್ಷಿಗಳ ಬಗ್ಗೆ ಅವರು ಬರೆದ ಪುಸ್ತಕ 1941ರಲ್ಲಿ ಬಂತು. ಆ ಸುಮಾರಿಗೇ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ಮಾಡಿದರು. ಅವರ ಪುಸ್ತಕದ ಬಗ್ಗೆ ಬಹಳ ಜನರಿಗೆ ಗೊತ್ತು, ಆದರೆ ಅವರು ದಶಕಗಳ ಕಾಲ ಆಕಾಶವಾಣಿಯಲ್ಲಿ ಹಕ್ಕಿಗಳ ಬಗ್ಗೆ ಭಾಷಣ ಮಾಡುತ್ತಿದ್ದದ್ದು ಅಷ್ಟಾಗಿ ಗೊತ್ತಿಲ್ಲ. ಆ ಭಾಷಣಗಳನ್ನು ಅವರ ಶಿಷ್ಯೆ ತಾರಾ ಗಾಂಧಿ ಒಟ್ಟು ಸೇರಿಸಿ 2021ರಲ್ಲಿ ಪುಸ್ತಕವಾಗಿ ತಂದಿದ್ದಾರೆ. ಚಿತ್ರ ಇಲ್ಲದೆ, ಬರೇ ಮಾತಿನಲ್ಲಿ ಒಂದು ಹಕ್ಕಿಯನ್ನು ಕೇಳುಗರ ಕಣ್ಣ ಮುಂದೆ ನಿಲ್ಲಿಸುವುದು ಸಣ್ಣ ಕೆಲಸವಲ್ಲ. ಅವರ ಸಂಬಂಧಿಯೂ ಆಗಿದ್ದ ಝಫರ್ ಫತೇಹಲ್ಲಿ ಅವರು ಪಕ್ಷಿವೀಕ್ಷಕರಿಗಾಗಿ ಒಂದು ಚಿಕ್ಕ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದರು. ಬೆಂಗಳೂರಿನಲ್ಲಿಯೂ ನೆಲೆಸಿದ್ದ ಅವರು 2013ರಲ್ಲಿ ತೀರಿಕೊಂಡರು.

ಆದ್ದರಿಂದ ‘ಇದು ನಮ್ಮವರಿಗೆ ಹೇಳಿದ್ದಲ್ಲ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಖರ್ಚಿನ ವಿಷಯ. ಇದಕ್ಕೆ ಸ್ಟುಡಿಯೊ ಬೇಡ. ಅಂಗಿಗೆ ಸಿಕ್ಕಿಸುವ ಒಂದು ಮೈಕ್, ಕೈಯಲ್ಲಿರುವ ಮೊಬೈಲ್ ಸಾಕು. ಗಾಳಿ ಹೊಡೆಯದಂತೆ ಮೈಕಿಗೆ ಹಳೆಯ ಕಾಲುಚೀಲದ ತುಂಡು ಸುತ್ತುತ್ತೇನೆ. ಮಾತಿನ ಭಾಗವನ್ನು ಮನೆಯಲ್ಲಿ ಬಟ್ಟೆಯ ಕಪಾಟು ತೆರೆದಿಟ್ಟು ಅದರ ಎದುರು ಕುಳಿತು ಹೇಳುತ್ತೇನೆ, ಬಟ್ಟೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಧ್ವನಿಯನ್ನು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇಡಲಿಕ್ಕೆ ಬೇಕಾದಷ್ಟು ಜಾಗಗಳುಂಟು. ನಿಜವಾದ ಖರ್ಚು ಸಮಯದ್ದು. ಹತ್ತು ನಿಮಿಷದ ಕಂತಿಗೆ ನಾಲ್ಕೈದು ಗಂಟೆ ಹೋಗುತ್ತದೆ. ಭಾನುವಾರ ಸುಬಹಿ ಮುಗಿಸಿ ಹೆಬ್ಬಾಳ ಕೆರೆಗೋ ಜಕ್ಕೂರು ಕೆರೆಗೋ ಹೋಗಿ ಒಂದು ಕಡೆ ಸುಮ್ಮನೆ ಕುಳಿತುಕೊಳ್ಳಬೇಕು. ಬಳ್ಳಾರಿ ರಸ್ತೆಯ ಗಾಡಿಗಳು, ಜಕ್ಕೂರಿನ ಸಣ್ಣ ವಿಮಾನಗಳು, ಯಲಹಂಕ ವಾಯುನೆಲೆಯ ದೊಡ್ಡ ವಿಮಾನಗಳು, ಇವುಗಳ ನಡುವೆ ಅರ್ಧ ನಿಮಿಷ ಶುದ್ಧವಾದ ಹಕ್ಕಿಯ ಧ್ವನಿ ಸಿಕ್ಕಿದರೆ ಅದೇ ಭಾಗ್ಯ. ಮೊದಮೊದಲು ಮಾತನಾಡುವ ಆತುರದಲ್ಲಿದ್ದೆ. ಈಗ ಹತ್ತು ನಿಮಿಷ ಮಾತನಾಡಲಿಕ್ಕೆ ಎರಡು ಗಂಟೆ ಬಾಯಿ ಮುಚ್ಚಿರಬೇಕು ಎಂದು ಅಭ್ಯಾಸವಾಗಿದೆ. ಮನೆಯವಳು “ತರಗತಿಯಲ್ಲೂ ಹೀಗೆ ಇರಿ” ಎನ್ನುತ್ತಾಳೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಯಲಹಂಕದ ಕಡೆ ಒಂದು ಖಾಲಿ ಲೇಔಟ್‌ನಲ್ಲಿ ಟಿಟ್ಟಿಭದ ಗೂಡು ಕಂಡೆ. ಹಳ್ಳಿಗಳಲ್ಲಿ ಇದಕ್ಕೆ ತೇನೆ ಹಕ್ಕಿ ಎಂದೂ ಹೇಳುತ್ತಾರೆ. ಗೂಡು ಅಂದರೆ ಗೂಡಲ್ಲ, ಬರಿ ನೆಲದಲ್ಲಿ ಒಂದು ಸಣ್ಣ ಗುಳಿ, ಸುತ್ತ ಸಣ್ಣ ಕಲ್ಲುಗಳು, ನಡುವೆ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಣ್ಣಿಗೆ ಬೀಳುವುದಿಲ್ಲ. ಬಿಸಿಲು ಹೆಚ್ಚಾದಾಗ ತಾಯಿ ತಂದೆ ಎರಡೂ ಸರದಿಯಲ್ಲಿ ಬಂದು ನೆರಳು ಕೊಡುತ್ತವೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕುಳಿತು ತಂಪು ಮಾಡುವುದೂ ಉಂಟು. ಇದನ್ನೆಲ್ಲ ಖುಷಿಯಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಲೇಔಟಿನ ಹೆಸರು, ಯಾವ ಕ್ರಾಸ್, ಯಾವ ನೀರಿನ ಟ್ಯಾಂಕ್ ಪಕ್ಕ ಎಂದೂ ಹೇಳಿಬಿಟ್ಟೆ. ಯಾರಾದರೂ ನೋಡಲಿಕ್ಕೆ ಹೋದರೆ ಒಳ್ಳೆಯದಲ್ಲವಾ ಎಂದು ನನ್ನ ಲೆಕ್ಕ.

ಆ ಕಂತು ಎಲ್ಲೆಲ್ಲಿಗೋ ಹೋಯಿತು. ಎಪ್ಪತ್ತು ಮಂದಿ ಕೇಳುತ್ತಿದ್ದಲ್ಲಿ ನಾನೂರು ದಾಟಿತು. ನಾನೂ ದಿನಕ್ಕೆ ಹತ್ತು ಸಲ ಲೆಕ್ಕ ನೋಡುತ್ತಿದ್ದೆ. ಮುಂದಿನ ಭಾನುವಾರ ಹೋದಾಗ ಅಲ್ಲಿ ಏಳೆಂಟು ಜನ ಇದ್ದರು. ಕೆಲವರ ಕೈಯಲ್ಲಿ ಕ್ಯಾಮೆರಾ, ಉಳಿದವರ ಕೈಯಲ್ಲಿ ಮೊಬೈಲ್. ಹಕ್ಕಿಗಳು ಮೇಲೆ ಸುತ್ತುತ್ತಾ ಕಿರುಚುತ್ತಿದ್ದವು. ಜನ ಇರುವಷ್ಟು ಹೊತ್ತು ಅವು ಮೊಟ್ಟೆಯ ಹತ್ತಿರ ಇಳಿಯಲಿಲ್ಲ. ಬಿಸಿಲು ಏರುತ್ತಿತ್ತು. ನಾನು ಕೈಮುಗಿದು ಎಲ್ಲರನ್ನೂ ಕಳಿಸಿದೆ, ಅದೇ ದಿನ ಕಂತನ್ನೂ ತೆಗೆದುಹಾಕಿದೆ. ಮೂರು ದಿನ ಬಿಟ್ಟು ಹೋದಾಗ ಗುಳಿ ಖಾಲಿ. ನಾಯಿಯೋ, ಕಾಗೆಯೋ, ಮನುಷ್ಯನೋ, ಯಾರು ತೆಗೆದರೆಂದು ಹೇಳಲಾರೆ. ಆದರೆ ದಾರಿ ತೋರಿಸಿದವನು ನಾನು.

ಆಮೇಲೆ ಕಾನೂನು ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು ಮಾತ್ರವಲ್ಲ, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನೇ ಬೇಟೆಗಾರ ಎಂದುಕೊಂಡಿದ್ದ ನನಗೆ ಅದನ್ನು ಓದಿ ನಾಚಿಕೆಯಾಯಿತು.

ಅಂದಿನಿಂದ ಕೆಲವು ನಿಯಮ ಹಾಕಿಕೊಂಡಿದ್ದೇನೆ. ಈ ಹವ್ಯಾಸಕ್ಕೆ ಇಳಿಯಬೇಕೆಂದಿರುವ ನಮ್ಮ ಯುವಕರಿಗೂ ಅದನ್ನೇ ಹೇಳುತ್ತೇನೆ.

ಒಂದು, ಕೆರೆಯ ಹೆಸರು ಹೇಳಬಹುದು, ಗೂಡಿನ ವಿಳಾಸ ಹೇಳಬಾರದು. ‘ಹಾಗಾದರೆ ಜನರಿಗೆ ಪ್ರೀತಿ ಹುಟ್ಟುವುದು ಹೇಗೆ?’ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯೇ. ಹೆಬ್ಬಾಳದಲ್ಲಿ ಹೆಜ್ಜಾರ್ಲೆ ತೇಲುವುದನ್ನು ದಡದಿಂದ ಯಾರು ಬೇಕಾದರೂ ನೋಡಬಹುದು. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಹಕ್ಕಿಗಳಿಗಾಗಿಯೇ ಸಂರಕ್ಷಣಾ ಮೀಸಲು ಎಂದು ಸರಕಾರ ಘೋಷಿಸಿದೆ. ಅಂಥ ಕಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಹೇಳೋಣ. ಮೊಟ್ಟೆ, ಮರಿ ಇರುವ ಜಾಗ ಮಾತ್ರ ಬಾಯಿಂದ ಹೊರಗೆ ಬರುವುದು ಬೇಡ.

ಎರಡು, ರೆಕಾರ್ಡ್ ಮಾಡಿದ ಕೂಗನ್ನು ಹಕ್ಕಿಗೇ ಕೇಳಿಸಿ ಹತ್ತಿರ ಕರೆಯಬಾರದು. ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಅದು ಮರಿಗೆ ಉಣಿಸುವುದನ್ನೂ ಬಿಟ್ಟು ಜಗಳಕ್ಕೆ ಬರುತ್ತದೆ. ನಮಗೆ ಒಳ್ಳೆಯ ಧ್ವನಿ ಸಿಗಬಹುದು, ಅದರ ಒಂದು ದಿನದ ಶಕ್ತಿ ಹಾಳು.

ಮೂರು, ಗೊತ್ತಿಲ್ಲದ್ದನ್ನು ಹೇಳಬಾರದು. ‘ಯಾರಿಂದ ಕೇಳಿದ್ದು?’ ಎಂಬ ಪ್ರಶ್ನೆ ಹದೀಸ್ ಕಲಿತವರಿಗೆ ಹೊಸತಲ್ಲ. ಹಾವಿನ ಬಗ್ಗೆ ಮಾತನಾಡುವಾಗಲೂ ಅದನ್ನೇ ಕೇಳಬೇಕು. ಕೇರೆ ಹಾವಿನ ಬಾಲದಲ್ಲಿ ವಿಷ ಉಂಟು ಎಂದು ನಾನೂ ನಂಬಿದ್ದೆ. ಕೇರೆ ಹಾವಿಗೆ ವಿಷವೇ ಇಲ್ಲ, ಇಲಿ ತಿಂದು ನಮಗೆ ಉಪಕಾರ ಮಾಡುವ ಹಾವು ಅದು. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮೆರ್ಲಿನ್ ಎಂಬ ಆ್ಯಪ್ ಉಂಟು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರದ್ದು, ಬಹಳ ಉಪಯೋಗಿ. ಆದರೆ ಅದು ಸಹ ತಪ್ಪುತ್ತದೆ. ಒಮ್ಮೆ ಅದನ್ನೇ ನಂಬಿ ಹೆಸರು ತಪ್ಪಾಗಿ ಹೇಳಿದೆ, ಕೇಳುಗರೊಬ್ಬರು ತಿದ್ದಿದರು. ಮುಂದಿನ ಕಂತಿನ ಮೊದಲ ಮಾತೇ ಆ ತಿದ್ದುಪಡಿ.

ನಾಲ್ಕು, ಇನ್ನೊಬ್ಬರು ಹಿಡಿದ ಧ್ವನಿಯನ್ನು ನಮ್ಮದೆಂದು ಹಾಕಬಾರದು. ಝೆನೋ ಕ್ಯಾಂಟೊ ಎಂಬ ಜಾಲತಾಣದಲ್ಲಿ ಪ್ರಪಂಚದ ಹಕ್ಕಿಗಳ ಕೂಗು ಸಿಗುತ್ತದೆ. ಅಲ್ಲಿ ಪ್ರತಿಯೊಂದು ಧ್ವನಿಯ ಜೊತೆ ಹಿಡಿದವರ ಹೆಸರು, ಬಳಸುವ ಷರತ್ತು ಎರಡೂ ಇರುತ್ತದೆ. ಷರತ್ತು ಓದಿ, ಹೆಸರು ಹೇಳಿ ಬಳಸಬೇಕು. ಉಚಿತವಾಗಿ ಸಿಕ್ಕಿದರೂ ಬೇರೆಯವರ ಶ್ರಮ ಬೇರೆಯವರದ್ದೇ.

ಜ್ಯೂಸ್ ಅಂಗಡಿಯವರ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಇದರಿಂದ ಹಣ ಸಿಗದಿರುವುದೇ ನನ್ನ ಸ್ವಾತಂತ್ರ್ಯ. ಕೇಳುಗರ ಸಂಖ್ಯೆಯ ಮೇಲೆ ಮನೆಯ ಒಲೆ ಉರಿಯಬೇಕಾಗಿದ್ದರೆ, ಆ ನಾನೂರನ್ನು ಎಂಟುನೂರು ಮಾಡಲಿಕ್ಕೆ ಇನ್ನೊಂದು ಗೂಡು ಹುಡುಕಬೇಕಾಗುತ್ತಿತ್ತು. ಆ ವಾರ ನಾನು ಲೆಕ್ಕ ನೋಡುತ್ತಾ ಕುಳಿತದ್ದೇ ಅದಕ್ಕೆ ಸಾಕ್ಷಿ. ಇದೇ ಕೆಲಸದಿಂದ ಪ್ರಾಮಾಣಿಕವಾಗಿ ಸಂಪಾದಿಸುವವರೂ ಇರಬಹುದು, ಅವರ ಮೇಲೆ ನನ್ನ ಆಕ್ಷೇಪ ಇಲ್ಲ. ಆದರೆ ಹವ್ಯಾಸವಾಗಿ ಮಾಡುವವರು ಹವ್ಯಾಸವಾಗಿಯೇ ಉಳಿಸಿಕೊಳ್ಳುವುದಕ್ಕೆ ನಾಚಬೇಕಾಗಿಲ್ಲ. ಎಪ್ಪತ್ತು ಮಂದಿ ಕಡಿಮೆ ಅಲ್ಲ. ನಮ್ಮ ಮದ್ರಸದ ಒಂದು ತರಗತಿಯಲ್ಲಿ ಅಷ್ಟು ಮಕ್ಕಳಿಲ್ಲ.

ಕೊನೆಗೆ ಒಂದು ವಿನಂತಿ. ಎಲ್ಲರೂ ಪಾಡ್‌ಕಾಸ್ಟ್ ಮಾಡಬೇಕಾಗಿಲ್ಲ. ಈ ರಜೆಯಲ್ಲಿ ಊರಿಗೆ ಹೋಗುವಾಗ ಉಮ್ಮನನ್ನೋ ಅಜ್ಜಿಯನ್ನೋ ತೋಟದ ಬದಿಯಲ್ಲಿ ಕುಳ್ಳಿರಿಸಿ, ಮೊಬೈಲ್ ಪಕ್ಕದಲ್ಲಿಟ್ಟು, ಕೇಳುವ ಒಂದೊಂದು ಕೂಗಿಗೂ ಬ್ಯಾರಿಯಲ್ಲಿ ಏನು ಹೇಳುತ್ತಾರೆಂದು ಕೇಳಿ. ಹತ್ತು ನಿಮಿಷ ಸಾಕು. ಹಕ್ಕಿಯ ಹೆಸರೂ ಉಳಿಯುತ್ತದೆ, ಅಜ್ಜಿಯ ಧ್ವನಿಯೂ ಉಳಿಯುತ್ತದೆ. ಆ ಧ್ವನಿಯನ್ನು ಮೊದಲು ನಿಮ್ಮ ಮಕ್ಕಳಿಗೆ ಕೇಳಿಸಿ. ಆಮೇಲೆ ಮನಸ್ಸಿದ್ದರೆ ಊರಿಗೆಲ್ಲ ಕೇಳಿಸಬಹುದು.

ಈ ವರ್ಷವೂ ಯಲಹಂಕದ ಕಡೆ ಟಿಟ್ಟಿಭದ ಕೂಗು ಕೇಳಿದೆ. ದೂರದಿಂದ ರೆಕಾರ್ಡ್ ಮಾಡಿಕೊಂಡು ಹಾಗೇ ವಾಪಸ್ ಬಂದೆ. ಎಲ್ಲಿ ಎಂದು ಮಾತ್ರ ಕೇಳಬೇಡಿ.