ಕೋಣೆ ಕೇಳುವ ಮುನ್ನ ನೀರಿನ ದಾರಿ ಕೇಳಬೇಕು

ನರಸಾಪುರದ ಸುತ್ತ ಕಾರ್ಖಾನೆಗಳು ಬಂದ ಮೇಲೆ ಸಾಲುರಜೆ ಎಂಬ ಮಾತಿಗೆ ಇಲ್ಲಿಯೂ ಅರ್ಥ ಬಂದಿದೆ. ಪಾಳಿ ಮುಗಿಸಿದ ಯುವಕರು ನಾಲ್ಕೈದು ಮಂದಿ ಕೂಡಿ, ಕಾರು ಗೊತ್ತುಮಾಡಿಕೊಂಡು ಮಡಿಕೇರಿಗೆ ಹೊರಡುತ್ತಾರೆ. ಕಾಲೇಜು ವಿದ್ಯಾರ್ಥಿಗಳೂ ಅದೇ ಹಾದಿ ಹಿಡಿದಿದ್ದಾರೆ. ದಸರೆಯಲ್ಲೋ ಡಿಸೆಂಬರ್ ಕೊನೆಯಲ್ಲೋ ಹೋದವರಿಗೆ ರಾಜಾಸೀಟಿನ ಸೂರ್ಯಾಸ್ತಕ್ಕಿಂತ ಕೋಣೆಗಾಗಿ ಅಲೆದದ್ದೇ ಹೆಚ್ಚು ನೆನಪಿರುತ್ತದೆ. ಲಾಡ್ಜುಗಳೆಲ್ಲ ಭರ್ತಿ, ಬಾಡಿಗೆ ದುಪ್ಪಟ್ಟು. ಕೊನೆಗೆ ಯಾರೋ ಒಬ್ಬರು ಊರಾಚೆಯ ಇಳಿಜಾರಿನಲ್ಲಿರುವ ಹೋಂಸ್ಟೇಗೆ ಕರೆದೊಯ್ಯುತ್ತಾರೆ. ಬಿಸಿನೀರಿದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ ಎಂದು ಕೇಳಿ ಪ್ರವಾಸಿ ಒಳನಡೆಯುತ್ತಾನೆ. ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಲ್ಲ.

ಉಳಿದವರು ಕೇಳದಿದ್ದರೂ ನರಸಾಪುರದವರು ಕೇಳಬೇಕು. ಕೊಡಗಿನಲ್ಲಿ ಹುಟ್ಟಿದ ಕಾವೇರಿ ಬೆಂಗಳೂರಿನ ನಲ್ಲಿಗಳಿಗೆ ಬರುತ್ತಾಳೆ. ಅಲ್ಲಿನ ಬಚ್ಚಲು, ಶೌಚಾಲಯಗಳಿಂದ ಹೊರಬಿದ್ದ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಆರಂಭವಾಯಿತು. ಲಕ್ಷ್ಮೀಸಾಗರ, ನರಸಾಪುರ ಮೊದಲಾದ ಕೆರೆಗಳು ತುಂಬಿದವು. ಅದೇ ವರ್ಷ ನೊರೆಯೂ ಕಾಣಿಸಿತು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಹೋರಾಟವೂ ನಡೆಯಿತು. ಬೇರೆಯವರು ಬಳಸಿ ಬಿಟ್ಟ ನೀರಿನೊಡನೆ ಬದುಕುವುದೆಂದರೇನು ಎಂಬುದನ್ನು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ.

ಮಡಿಕೇರಿಗೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಕೂಟುಹೊಳೆಯಿಂದ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಾದರೂ ಬೇಸಿಗೆಯಲ್ಲಿ ಹೊಳೆ ಸೊರಗುತ್ತದೆ. ಪ್ರವಾಸಿಗರು ಹೆಚ್ಚಾಗಿ ಬರುವುದೂ ಆಗಲೇ. ಊರಾಚೆಯ ಮನೆಗಳಿಗೆ ಒಳಚರಂಡಿಯಿಲ್ಲದ ಕಡೆ ಶೌಚಗುಂಡಿಯೇ ಗತಿ. ಗುಂಡಿಯ ನೀರು ಇಳಿಜಾರಿನ ಮಣ್ಣಿಗೆ ಇಂಗಿ, ಕೆಳಗಿನ ಹಳ್ಳಿಯವರ ಬಾವಿಗೋ ತೊರೆಗೋ ಸೇರುವ ಸಾಧ್ಯತೆ ಇದ್ದೇ ಇದೆ.

ನೀರಿನಷ್ಟೇ ಗಂಭೀರವಾದುದು ಇಳಿಜಾರಿನ ಪ್ರಶ್ನೆ. ಅಲ್ಲಿ ಶಿಥಿಲಗೊಂಡ ಶಿಲೆಯ ಮೇಲೆ ಆಳವಾದ ಮಣ್ಣಿನ ಹೊದಿಕೆಯಿದೆ. ಕಟ್ಟಡಕ್ಕೆ ಸಮತಟ್ಟು ಮಾಡಲು ಬೆಟ್ಟವನ್ನು ಗೋಡೆಯಂತೆ ನೇರವಾಗಿ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆನೀರು ತುಂಬಿದಾಗ ಕಣಗಳ ಹಿಡಿತ ಸಡಿಲಗೊಂಡು ಇಡೀ ಪದರವೇ ಜಾರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳು ಮನೆ, ತೋಟಗಳ ಸಹಿತ ಕುಸಿದವು. ಅತಿವೃಷ್ಟಿಯ ಜೊತೆಗೆ ಮನುಷ್ಯರು ಇಳಿಜಾರನ್ನು ಕತ್ತರಿಸಿದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಾರಣವೆಂದು ಹೆಸರಿಸಿತು. (ಕೋಲಾರದ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತು ಗಮನಿಸಬೇಕು. ಬಯಲುಸೀಮೆಯಲ್ಲಿ ವರವಾದ ಇಂಗುಗುಂಡಿ, ಅಂಥ ಕಡಿದಾದ ಗುಡ್ಡದ ನೆತ್ತಿಯಲ್ಲಿ ಹೊರೆಯಾಗಬಲ್ಲದು. ಜಲಸಂರಕ್ಷಣೆಗೂ ನೆಲದ ಗುಣ ನೋಡಬೇಕು.)

ಹಾಗೆಂದು ಹೋಂಸ್ಟೇಗಳನ್ನೇ ದೂರುವುದು ಅನ್ಯಾಯ. 2000ದ ನಂತರ ಕಾಫಿ ಬೆಲೆ ನೆಲಕಚ್ಚಿದಾಗ ಸಣ್ಣ ಬೆಳೆಗಾರರ ಎಷ್ಟೋ ಸಂಸಾರಗಳಿಗೆ ಅತಿಥಿಯ ಹಣ ಆಸರೆಯಾಯಿತು. ತಾವು ವಾಸವಿರುವ ಮನೆಯ ಒಂದೆರಡು ಕೋಣೆ ಬಿಟ್ಟುಕೊಟ್ಟು, ಮನೆಯ ಅಡುಗೆಯನ್ನೇ ಬಡಿಸುವುದು ಹೋಂಸ್ಟೇ. ಯಜಮಾನನ ಮುಖವನ್ನೇ ಕಾಣದ, ಬೆಟ್ಟ ಬಗೆದು ಕಟ್ಟಿದ ಇಪ್ಪತ್ತು ಕೋಣೆಗಳ ಕಟ್ಟಡಕ್ಕೂ ಅದೇ ಹೆಸರಿಡುವುದು ಮೋಸ.

ನೆರೆಯ ನೀಲಗಿರಿಯಲ್ಲಿ ಈ ಮಾತು ನ್ಯಾಯಾಲಯದವರೆಗೂ ಹೋಯಿತು. ಆನೆಗಳ ಹಾದಿಯಲ್ಲಿದ್ದ ರೆಸಾರ್ಟುಗಳಿಗೆ ಬೀಗ ಹಾಕಲು 2018ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು; 2020ರಲ್ಲಿ ಆ ಆನೆಪಥವನ್ನು ಎತ್ತಿಹಿಡಿಯಿತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. 2025ರ ಬೇಸಿಗೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯನ್ನೂ ವಿಧಿಸಲಾಯಿತು. ಮಿತಿ ಹೇರಲು ನ್ಯಾಯಾಲಯವೇ ಬರಬೇಕಾಯಿತೆಂಬುದು ಆಡಳಿತಕ್ಕೆ ಶೋಭೆಯಲ್ಲ. ಕೊಡಗಿನಲ್ಲಿಯೂ ಕೋಣೆಗಳ ಲೆಕ್ಕವನ್ನು ನೀರಿನ ಲೆಕ್ಕದೊಡನೆ ಇಟ್ಟು ನೋಡುವ ಕೆಲಸವನ್ನು ಜಿಲ್ಲಾಡಳಿತ, ಪಂಚಾಯಿತಿಗಳೇ ಮಾಡಬೇಕು.

ಅಲ್ಲಿಯವರೆಗೆ ಹೋಗುವವರ ಕೈಯಲ್ಲಿಯೂ ಸ್ವಲ್ಪ ಇದೆ. ಸಾಲುರಜೆ ಬಿಟ್ಟು ಹೋದರೆ ಕೋಣೆಯೂ ಸಿಗುತ್ತದೆ, ಬಾಡಿಗೆಯೂ ಇಳಿದಿರುತ್ತದೆ. ಬೆಟ್ಟದ ಮೇಲೆ ಜಾಗವಿಲ್ಲದಿದ್ದರೆ ಕುಶಾಲನಗರದಲ್ಲಿ ತಂಗಿ ಬೆಳಗಿನ ಬಸ್ಸು ಹಿಡಿಯಬಹುದು. ಮುಂಗಡ ಕೊಡುವ ಮುನ್ನ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ, ಮನೆಯವರು ಅಲ್ಲಿಯೇ ವಾಸವಿದ್ದಾರೆಯೇ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಫೋನಿನಲ್ಲಿಯೇ ವಿಚಾರಿಸಬಹುದು. ತೋಟದ ಮನೆಯವರಾದರೆ ಗುಂಡಿಯ ಜಾಗವನ್ನೂ ತೋರಿಸಿಯಾರು. ಉತ್ತರ ತಡವರಿಸಿದರೆ ಬೇರೆ ಮನೆ ನೋಡುವುದು ಲೇಸು.